ಕಾಣದ ಗಾಯದ ಲೆಕ್ಕ

ನಷ್ಟವನ್ನು ಡೆಬಿಟ್ ಬದಿಗೆ ಬರೆಯಬೇಕೆಂದು ಅಕೌಂಟೆನ್ಸಿ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಆದರೆ ಬರೆಯುವ ಮೊದಲು ನಷ್ಟ ಎಷ್ಟೆಂದು ಗೊತ್ತಿರಬೇಕಲ್ಲ? ಎರಡು ವರ್ಷಗಳಿಂದ ನಮ್ಮ ಮನೆಯವರು ಆ ಒಂದು ಅಂಕಿಯನ್ನೇ ಹುಡುಕುತ್ತಿದ್ದಾರೆ.

ನನ್ನ ಅಬ್ಬಾ ಕಾಫಿ ಮತ್ತು ಕಾಳುಮೆಣಸಿನ ಚಿಕ್ಕ ವ್ಯಾಪಾರಿ. ಆಲೂರಿನಿಂದ ಬೈಕಿನಲ್ಲಿ ಹೊರಟು ಹೆತ್ತೂರು, ಯಸಳೂರು, ಹಾನಬಾಳು ಕಡೆಯ ಸಣ್ಣ ಬೆಳೆಗಾರರ ಮನೆಗಳಿಗೆ ಹೋಗಿ ಮಾಲು ಕೊಳ್ಳುತ್ತಿದ್ದರು. 50 ಕೆ.ಜಿ. ಚೆರ್ರಿ ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಔಟ್‌ಟರ್ನ್ ನೋಡಿ ರೇಟು ಹೇಳಬೇಕು. ಮೆಣಸನ್ನು ಹಲ್ಲಲ್ಲಿ ಕಚ್ಚಿ, ಮೂಸಿ, ತೇವ ಎಷ್ಟಿದೆ ಎಂದು ತಿಳಿಯಬೇಕು. ಅಬ್ಬಾ ಇದನ್ನೆಲ್ಲ ಅಂಗಳದಲ್ಲಿ ನಿಂತೇ, ಕ್ಯಾಲ್ಕುಲೇಟರ್ ಇಲ್ಲದೆ ಮಾಡುತ್ತಿದ್ದರು.

ಎರಡು ವರ್ಷಗಳ ಹಿಂದೆ ಜುಲೈ ಮಳೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಾಳ್ಳುಪೇಟೆಯ ಹತ್ತಿರ, ಓವರ್‌ಟೇಕ್ ಮಾಡಲು ಬಲಕ್ಕೆ ಬಂದ ಪಿಕಪ್ ಒಂದು ಅಬ್ಬಾನ ಬೈಕಿಗೆ ಎದುರಿನಿಂದ ಹೊಡೆಯಿತು. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಆದರೆ ತಲೆಯೊಳಗೆ ರಕ್ತಸ್ರಾವವಾಗಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಐದು ವಾರಗಳ ನಂತರ ಅಬ್ಬಾ ನಡೆದುಕೊಂಡೇ ಮನೆಗೆ ಬಂದರು. ನೋಡಲು ಬಂದವರೆಲ್ಲ "ಅಲ್ಲಾಹನ ಕೃಪೆ, ಏನೂ ಆಗಿಲ್ಲ" ಎಂದರು.

ಆಗಿದ್ದು ನಮಗೆ ನಿಧಾನವಾಗಿ ತಿಳಿಯಿತು. ಅಬ್ಬಾನಿಗೆ ವಾಸನೆ ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ ಹಾಲು ಸೀದರೂ ತಿಳಿಯುವುದಿಲ್ಲ. ಹೇಳಿದ ಅಂಕಿ ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಆಮೇಲೆ ಒಬ್ಬರೇ ಕುಳಿತು ಅಳುತ್ತಾರೆ. ಒಮ್ಮೆ ಹೆತ್ತೂರಿನ ಗೌಡರೊಬ್ಬರು ಫೋನ್ ಮಾಡಿ, "ಸಾಬ್ರೇ, ನಿನ್ನೆ ಒಂದು ರೇಟು, ಇವತ್ತು ಇನ್ನೊಂದು ರೇಟು ಹೇಳ್ತೀರಲ್ಲ" ಎಂದರು. ಆ ದಿನದಿಂದ ಅಬ್ಬಾ ವ್ಯಾಪಾರಕ್ಕೆ ಹೋಗಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 166ರ ಪ್ರಕಾರ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದೆವು. ಆಗ ಕೆಲವು ಸಂಬಂಧಿಕರು, "ತಕ್ದೀರ್‌ನಲ್ಲಿ ಇದ್ದದ್ದು ಆಯಿತು, ಅದಕ್ಕೆ ದುಡ್ಡು ಕೇಳುವುದೇ?" ಎಂದರು. ಅಮ್ಮಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಸೀದಿಯ ಇಮಾಮ್ ಸಾಹೇಬರು, "ಶರೀಅತ್‌ನಲ್ಲೂ ಗಾಯಕ್ಕೆ ದಿಯತ್ ಎಂಬ ಪರಿಹಾರ ಇದೆ. ಇದು ಭಿಕ್ಷೆಯಲ್ಲ, ಹಕ್ಕು" ಎಂದು ತಿಳಿಸಿ ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು.

ವಿಮಾ ಕಂಪನಿಯ ವಕೀಲರ ವಾದ ಸರಳವಾಗಿತ್ತು: ಇವರು ನಡೆಯುತ್ತಾರೆ, ಮಾತನಾಡುತ್ತಾರೆ, ಕೈಕಾಲು ಸರಿಯಾಗಿವೆ. ವೈದ್ಯರ ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ. 30 ಎಂದಿದೆ, ಹಾಗಾಗಿ ಆದಾಯದ ನಷ್ಟವೂ ಶೇ. 30.

ನಮ್ಮ ವಕೀಲರು ನನಗೆ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ವಿವರಿಸಿದರು. ಅದು 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣ. ದೇಹದ ವೈಕಲ್ಯ ಎಷ್ಟು ಪರ್ಸೆಂಟ್ ಎಂಬುದೇ ದುಡಿಮೆಯ ನಷ್ಟದ ಪರ್ಸೆಂಟ್ ಅಲ್ಲ ಎಂದು ಅಲ್ಲಿ ಹೇಳಲಾಗಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಹಾಗಾದರೆ ಮೂಗು ಮತ್ತು ನೆನಪನ್ನೇ ನಂಬಿ ಬದುಕಿದ ವ್ಯಾಪಾರಿಗೆ ಎಷ್ಟು ಪರ್ಸೆಂಟ್? ನಮ್ಮ ಕೇಸು ನಿಂತಿರುವುದು ಈ ಪ್ರಶ್ನೆಯ ಮೇಲೆ. ಶೇ. 60 ಎಂದು ಪರಿಗಣಿಸಬೇಕೆಂಬುದು ನಮ್ಮ ವಕೀಲರ ಕೋರಿಕೆ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ತಿಂಗಳ ಆದಾಯ 16,000 ರೂಪಾಯಿ ಎಂದಿಟ್ಟುಕೊಳ್ಳಿ. 2017ರ ಪ್ರಣಯ್ ಸೇಠಿ ತೀರ್ಪಿನಂತೆ 40ರಿಂದ 50 ವರ್ಷದೊಳಗಿನ ಸ್ವಂತ ಉದ್ಯೋಗಿಗೆ ಭವಿಷ್ಯದ ಗಳಿಕೆಯೆಂದು ಶೇ. 25 ಸೇರಿಸಿದರೆ 20,000. ವರ್ಷಕ್ಕೆ 2,40,000. ಅಬ್ಬಾನ ವಯಸ್ಸು 42. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 41ರಿಂದ 45 ವರ್ಷಕ್ಕೆ ಗುಣಕ 14. ಗುಣಿಸಿದರೆ 33,60,000. ಇದರ ಶೇ. 30 ಅಂದರೆ 10,08,000, ಶೇ. 60 ಅಂದರೆ 20,16,000. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಇವೆಲ್ಲ ಬೇರೆ.

ಆದರೆ 16,000ಕ್ಕೆ ಪುರಾವೆ ಏನು? ಅಬ್ಬಾ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಲ್ಲ. ಅವರ ಹತ್ತಿರ ಇದ್ದದ್ದು ಜೇಬಿನ ಡೈರಿಗಳು, ಅದೂ ಉರ್ದುವಿನಲ್ಲಿ. ನಾನು ಮೂರು ವರ್ಷದ ಹಿಸಾಬನ್ನು ದಿನಾಂಕ, ಚೀಲ, ತೂಕ, ಲಾಭ ಎಂದು ಕನ್ನಡದಲ್ಲಿ ಬರೆದು ವಕೀಲರಿಗೆ ಕೊಟ್ಟೆ. ಮದ್ರಸಾದಲ್ಲಿ ಕಲಿತ ಉರ್ದು, ಶಾಲೆಯಲ್ಲಿ ಕಲಿತ ಕನ್ನಡ, ಕಾಲೇಜಿನ ಅಕೌಂಟೆನ್ಸಿ ಮೂರೂ ಒಂದೇ ಕೆಲಸಕ್ಕೆ ಬಂದವು. ನೆನಪಿನ ಶಕ್ತಿಯ ಪರೀಕ್ಷೆಯನ್ನು ನಿಮ್ಹಾನ್ಸ್‌ನಲ್ಲಿ ಮಾಡಿಸಿದೆವು. ಸ್ಕ್ಯಾನ್ ತೋರಿಸದ ಕೆಲವು ತೊಂದರೆಗಳು ಆ ವರದಿಯಲ್ಲಿ ಕಾಗದದ ಮೇಲೆ ಬಂದವು.

ಕಳೆದ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿ ಶೇ. 30ರ ಲೆಕ್ಕದಲ್ಲೇ ರಾಜಿಗೆ ಕರೆಯಿತು. ಒಪ್ಪಿದರೆ ಹಣ ಬೇಗ ಬರುತ್ತದೆ, ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಮನೆಯಲ್ಲಿ ಸಾಲ ಇದೆ. ಅಮ್ಮಿ ಟೈಲರಿಂಗ್ ಮಾಡಿ ಮನೆ ನಡೆಸುತ್ತಿದ್ದಾರೆ. ನಾನು ಎರಡೂ ಲೆಕ್ಕವನ್ನು ಅಬ್ಬಾನ ಮುಂದಿಟ್ಟೆ. ಅವರು ಎರಡು ಸಲ ಕೇಳಿ, ಮೂರನೇ ಸಲ ತಾವೇ ಬರೆದುಕೊಂಡು, "ನನ್ನ ಮಾಲಿಗೆ ಅರ್ಧ ರೇಟು ಹೇಳ್ತಿದ್ದಾರೆ" ಎಂದರು. ನಾವು ರಾಜಿಗೆ ಒಪ್ಪಲಿಲ್ಲ. ವೈದ್ಯರ ಸಾಕ್ಷ್ಯ ಮುಂದಿನ ತಿಂಗಳಿದೆ. ಏನಾಗುತ್ತದೋ ಅಲ್ಲಾಹನೇ ಬಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲಿ ಇಂಥದ್ದು ಆಗದಿರಲಿ. ಆದರೆ ಆದರೆ, ಎಫ್.ಐ.ಆರ್. ಪ್ರತಿ, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಔಷಧಿಯ ಒಂದೊಂದು ಬಿಲ್ಲನ್ನೂ ಜೋಪಾನ ಮಾಡಿ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ, ತಡ ಮಾಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಮಹಿಳೆಯರು, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ. ಮುಖ್ಯವಾಗಿ, ತಲೆಗೆ ಪೆಟ್ಟಾದವರು ಎದ್ದು ಓಡಾಡಿದ ಕೂಡಲೇ "ಏನೂ ಆಗಿಲ್ಲ" ಎಂದುಬಿಡಬೇಡಿ. ಅವರು ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂದು ಗಮನಿಸಿ, ದಿನಾಂಕ ಹಾಕಿ ಬರೆದಿಡಿ.