ಎರಡು ಕಬ್ಬಿಣಗಳ ನಡುವೆ

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ಎತ್ತುಗಳಿಲ್ಲ. ಕೊನೆಯ ಜೋಡಿಯನ್ನು ಮಾರಿ ಎಷ್ಟೋ ವರ್ಷಗಳಾದವು. ಗೋದಲಿಯ ಮಗ್ಗುಲಲ್ಲಿ, ಹಿಂದೆ ಎತ್ತು ಕಟ್ಟುತ್ತಿದ್ದ ಗೂಟಗಳ ನಡುವೆ, ಹಳೆಯದೊಂದು ಮೋಟಾರು ನಿಂತಿದೆ. ಔರಾದ ಶಹಾಜನಿಯ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಅಡತಿಯವರ ಹೆರಾಲ್ಡು’. ನಮ್ಮ ತಂದೆಯವರು ೧೯೭೪ರಲ್ಲಿ ಹೈದರಾಬಾದಿನ ವೈದ್ಯರೊಬ್ಬರಿಂದ ಕೊಂಡು ತಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಅದು. ಇಂಗ್ಲೆಂಡಿನ ಟ್ರಯಂಫ್ ಕಂಪನಿ ೧೯೫೯ರಲ್ಲಿ ಹೊರತಂದ ಈ ಮಾದರಿಯನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯವರು ೧೯೬೧ರಿಂದ ೧೯೭೧ರ ವರೆಗೆ ನಮ್ಮ ದೇಶದಲ್ಲಿ ತಯಾರಿಸಿದರು. ಅದರ ಒಡಲಿಗೆ ರೂಪ ಕೊಟ್ಟವನು ಇಟಲಿಯ ಮಿಕೆಲೊತ್ತಿ. ಎಂಜಿನಿನ ಮುಚ್ಚಳವೂ ಮುಂಗಾಲಿಗಳ ಮೇಲಿನ ತಗಡೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುವುದನ್ನು ನೋಡಲು ಓಣಿಯ ಮಕ್ಕಳೆಲ್ಲ ಬಂದು ನೆರೆಯುತ್ತಿದ್ದರು.

ಈ ಕಾರಿಗೂ ನಮ್ಮ ಅವ್ವನಿಗೂ ಇರುವ ನಂಟನ್ನು ಹೇಳದೆ ಮುಂದಿನ ಮಾತು ತಿಳಿಯಲಾರದು. ಅವ್ವ ೧೯೫೫ರಲ್ಲಿ ಮದುವೆಯಾಗಿ ಬಂದಾಗ, ಭಾಲ್ಕಿಯ ಕಡೆಯ ಅವಳ ತವರೂ ನಿಲಂಗಾ ತಾಲೂಕಿನ ನಮ್ಮ ಊರೂ ಹೈದರಾಬಾದ್ ರಾಜ್ಯದ ಒಂದೇ ಬೀದರ ಜಿಲ್ಲೆಯೊಳಗಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಮರುವಿಂಗಡಣೆಯಾಯಿತು. ಭಾಲ್ಕಿ ಮೈಸೂರು ರಾಜ್ಯಕ್ಕೆ ಹೋಯಿತು. ನಿಲಂಗಾ, ಉದಗೀರ, ಅಹಮದಪುರಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ೧೯೬೦ರಲ್ಲಿ ನಾವು ಮಹಾರಾಷ್ಟ್ರದವರಾದೆವು. ೧೯೮೨ರಲ್ಲಿ ಲಾತೂರ ಜಿಲ್ಲೆಯವರಾದೆವು. ಅವ್ವ ಕೂತಲ್ಲಿಯೇ ಕೂತಿದ್ದಳು, ತವರು ಮಾತ್ರ ಪರರಾಜ್ಯವಾಯಿತು. ಪಂಚಮಿಗೂ ಜಾತ್ರೆಗೂ ತಂದೆಯವರು ಅವಳನ್ನು ಈ ಹೆರಾಲ್ಡಿನಲ್ಲಿಯೇ ಗಡಿ ದಾಟಿಸಿ ಕರೆದೊಯ್ಯುತ್ತಿದ್ದರು. ೧೯೯೩ರ ಸಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ, ರೊಟ್ಟಿಯ ಬುತ್ತಿ, ಕಂಬಳಿಗಳನ್ನು ತುಂಬಿಕೊಂಡು ಅವರು ಉಮರ್ಗಾದ ಕಡೆಗೆ ಓಡಿದ್ದೂ ಇದರಲ್ಲಿಯೇ. ಮೂರು ದಿನ ಗಾಯಾಳುಗಳನ್ನು ಹೊತ್ತು ತಿರುಗಿದ ಹಿಂದಿನ ಆಸನದ ಕಲೆಯನ್ನು ಅವ್ವ ತೊಳೆಯಗೊಡಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಆಗಬಾರದ್ದು ಆಯಿತು. ನಮಗೂ ನಮ್ಮ ತಮ್ಮನಿಗೂ ಹಿಸ್ಸೆಯ ಮಾತು ಬಂದು, ಒಂದು ಬಾವಿಯ ಹೊಲದ ದೆಸೆಯಿಂದ ಮನಸ್ಸು ಮುರಿದವು. ಅವನು ಉಮರ್ಗಾದಲ್ಲಿ ನೀರೆತ್ತುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯಿಟ್ಟುಕೊಂಡು ಅಲ್ಲಿಯೇ ನಿಂತನು. ಹಬ್ಬಕ್ಕೆ ಬಂದರೆ ಅವ್ವನ ಕೋಣೆಗೆ ಹೋಗಿ ಕಾಲು ಮುಟ್ಟಿ, ನಮ್ಮ ಪಡಸಾಲೆಯನ್ನು ದಾಟಿ ಮರಳಿ ಹೋಗುವನು. ನಾಲ್ಕು ವರ್ಷಗಳಲ್ಲಿ ‘ಅಣ್ಣಾ’ ಎಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ. ನಾವೂ ಕರೆದಿರಲಿಲ್ಲ, ಹಿರಿಯರೆಂಬ ಬಿಗುಮಾನ. ಇಬ್ಬರಿಗೂ ಹಿಸ್ಸೆಯಾಗದೆ ಉಳಿದ ವಸ್ತು ಈ ಕಾರೊಂದೇ.

ಕಳೆದ ವರ್ಷ ಪುಣೆಯಿಂದ ಹಳೆಯ ಕಾರುಗಳನ್ನು ಕೂಡಿಡುವ ಗೃಹಸ್ಥರೊಬ್ಬರು ಬಂದರು. ಒಳ್ಳೆಯ ಬೆಲೆ ಹೇಳಿದರು. ಆದರೆ ಓಡಿಸಿ ನೋಡಿ ಮುಖ ಸಿಂಡರಿಸಿದರು. ಕ್ಲಚ್ಚು ಬಿಟ್ಟೊಡನೆ ಹಿಂದುಗಡೆ ಒನಕೆಯಿಂದ ಗುದ್ದಿದಂತೆ ‘ಧಬ್’ ಎಂಬ ಸದ್ದು. ವೇಗವನ್ನು ತಗ್ಗಿಸಿದರೆ ಮತ್ತೊಂದು ‘ಧಬ್’. “ಈ ಸದ್ದು ಹೋದರೆ ಹೇಳಿ ಕಳಿಸಿರಿ” ಎಂದು ಹೊರಟುಹೋದರು. ಮಾರಿಬಿಡುವುದೇ ಸರಿ ಎಂದು ನಾವು ನಿಶ್ಚಯಿಸಿದೆವು. ಅವ್ವ ತಡೆಯಲಿಲ್ಲ. “ಮಾರೂದಾದ್ರ ಮಾರ್ರಿ. ಅದಕ್ಕಿಂತ ಮದಲ ಒಮ್ಮೆ ಆ ಗಾಡ್ಯಾಗ ನನ್ನ ತವರಮನಿಗಿ ಒಯ್ದು ತರ್ರಿ” ಎಂದಳು. ಎಂಬತ್ತು ದಾಟಿದ ಜೀವ. ಆ ಸದ್ದಿನ ಗಾಡಿಯಲ್ಲಿ ಅವಳನ್ನು ಕೂಡಿಸಿ ಹೊರಡಲು ನಮಗೆ ಧೈರ್ಯವಾಗಲಿಲ್ಲ.

ಸದ್ದಿನ ಮೂಲವನ್ನು ವಾಚಕರಿಗೆ ತಿಳಿಸಬೇಕಾದರೆ ಎತ್ತಿನ ಬಂಡಿಯಿಂದಲೇ ಆರಂಭಿಸಬೇಕು. ಬಂಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದಾರಿ ಸವೆಸುತ್ತದೆ, ಒಳಗಿನದು ಕಡಿಮೆ. ಅಚ್ಚು ಸ್ಥಿರವಾಗಿದ್ದು ಗಾಲಿಗಳು ಬೇರೆ ಬೇರೆಯಾಗಿ ತಿರುಗುವುದರಿಂದ ಬಂಡಿಗೆ ತೊಂದರೆಯಿಲ್ಲ. ಮೋಟಾರಿನಲ್ಲಾದರೋ ಎಂಜಿನು ಎರಡೂ ಹಿಂಗಾಲಿಗಳನ್ನು ತಿರುಗಿಸಬೇಕು. ತಿರುಗಿಸುತ್ತಲೇ ಒಂದು ಹೆಚ್ಚು, ಒಂದು ಕಡಿಮೆ ಓಡಲು ಬಿಡಬೇಕು. ಈ ನ್ಯಾಯವನ್ನು ನಡೆಸುವ ಹಲ್ಲುಗಾಲಿಗಳ ಪೆಟ್ಟಿಗೆಯೇ ಡಿಫರೆನ್ಶಿಯಲ್. ಅಂಬಾಸಡರ್ ಕಾರಿನಲ್ಲಿ ಈ ಪೆಟ್ಟಿಗೆ ಅಚ್ಚಿನೊಂದಿಗೇ ಒಂದಾಗಿ ಸ್ಪ್ರಿಂಗುಗಳಿಗೆ ಜೋತುಕೊಂಡಿರುತ್ತದೆ. ಹೆರಾಲ್ಡಿನ ರೀತಿ ಬೇರೆ. ಅದರ ಹಿಂಗಾಲಿಗಳೆರಡೂ ಸ್ವತಂತ್ರ. ಪೆಟ್ಟಿಗೆಯನ್ನು ಮಾತ್ರ ಕಾರಿನ ಉಕ್ಕಿನ ಚೌಕಟ್ಟಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ನೇರವಾಗಿ ತಗಲಬಾರದೆಂದು ನಡುವೆ ರಬ್ಬರಿನ ಬುಷ್‌ಗಳಿರುತ್ತವೆ. ಎಂಜಿನು ಎಳೆದಾಗ ಪೆಟ್ಟಿಗೆಯ ಮೂತಿ ಮೇಲಕ್ಕೇಳಲು ಹವಣಿಸುತ್ತದೆ. ಎಳೆತ ನಿಂತಾಗ ಕೆಳಗಿಳಿಯುತ್ತದೆ. ಆ ಏರಿಳಿತವನ್ನೆಲ್ಲ ನುಂಗಿಕೊಳ್ಳುವುದು ಆ ರಬ್ಬರು. ಅದು ಸವೆದರೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತದೆ. ನಮ್ಮ ‘ಧಬ್’ ಸದ್ದು ಅದೇ.

ಇಷ್ಟನ್ನು ತಿಳಿಯಲು ನಮಗೆ ಕೆಲವು ತಿಂಗಳು ಹಿಡಿಯಿತು. ಮೊದಲು ಹತ್ತಿರದ ಪಟ್ಟಣದ ಗ್ಯಾರೇಜೊಂದಕ್ಕೆ ಒಯ್ದಿದ್ದೆವು. ಅಲ್ಲಿಯವರು ಹಳೆಯ ಟೈರಿನ ತುಂಡುಗಳನ್ನು ಕತ್ತರಿಸಿ ಸಂದಿನಲ್ಲಿ ತುರುಕಿ, ಹಣ ಪಡೆದು ಕಳಿಸಿಕೊಟ್ಟರು. ಹದಿನೈದು ದಿನಕ್ಕೆ ಸದ್ದು ಮರಳಿತು. ಆಗ ಇಂಗ್ಲೆಂಡಿನಲ್ಲಿರುವ ನಮ್ಮ ಸೋದರಳಿಯನಿಗೆ ಬರೆದೆವು. ೧೯೬೨ರಲ್ಲಿ ಅದೇ ಟ್ರಯಂಫ್ ಕಂಪನಿಯವರು ಹೆರಾಲ್ಡಿನ ಚೌಕಟ್ಟನ್ನೇ ಗಿಡ್ಡಗೊಳಿಸಿ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರನ್ನು ಮಾಡಿದರಂತೆ. ೧೯೮೦ರ ವರೆಗೆ ಮೂರು ಲಕ್ಷಕ್ಕೂ ಮಿಕ್ಕಿ ಮಾಡಿದರು. ಅವುಗಳನ್ನು ಮುದ್ದಿನಿಂದ ಸಾಕುವವರು ಅಲ್ಲಿ ಇಂದಿಗೂ ಇರುವುದರಿಂದ ಬಿಡಿಭಾಗಗಳು ಈಗಲೂ ದೊರೆಯುತ್ತವೆ. ಅಳಿಯ ಬುಷ್‌ಗಳನ್ನೂ ಒಂದು ಎಣ್ಣೆಯ ಸೀಲನ್ನೂ ಕಳಿಸಿದನು. ನಾವು ವಿಳಾಸವನ್ನು ಬರೆದುಕೊಡುವಾಗ ‘ಔರಾದ’ ಎಂದಷ್ಟೇ ಬರೆದಿದ್ದೆವು. ಪಾರ್ಸೆಲು ಗಡಿಯಾಚೆಯ ಬೀದರ ಜಿಲ್ಲೆಯ ಔರಾದಕ್ಕೆ ಹೋಗಿ ಕುಳಿತಿತು! ಶಹಾಜನಿ ಎಂಬ ಬಾಲವನ್ನು ಮರೆತ ತಪ್ಪಿಗೆ ಅಲ್ಲಿಯ ತನಕ ಹೋಗಿ ತಂದೆವು.

ರಬ್ಬರು ಬಂದಿತು, ಹಾಕುವವರಾರು? ಒಬ್ಬರಿಂದ ಆಗುವ ಕೆಲಸವಲ್ಲ ಅದು. ಒಬ್ಬರು ಕೆಳಗೆ ಮಲಗಬೇಕು, ಮತ್ತೊಬ್ಬರು ಮೇಲಿಂದ ಪಾನಾ ಹಿಡಿಯಬೇಕು. ಅವ್ವ ಯಾರಿಗೂ ಹೇಳದೆ ಉಮರ್ಗಾಕ್ಕೆ ಫೋನು ಮಾಡಿಸಿದ್ದಳೆಂದು ನಮಗೆ ತಿಳಿದುದು, ರವಿವಾರ ಬೆಳಿಗ್ಗೆ ತಮ್ಮನು ಹತ್ಯಾರುಗಳ ಪೆಟ್ಟಿಗೆಯೊಂದಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ. ಅವನು ನಮ್ಮತ್ತ ನೋಡದೆ ಜಾಕನ್ನು ನೋಡಿದನು. “ಜಾಕಿನ ಮ್ಯಾಲ ಭರೋಸಾ ಇಡಬಾರದು” ಎಂದು ಗೋಡೆಗೆ ಹೇಳುವಂತೆ ಹೇಳಿ, ಹಳೆಯ ಬಂಡಿಯ ಬೇವಿನ ದಿಮ್ಮಿಗಳನ್ನು ಎಳೆದು ತಂದು ಚೌಕಟ್ಟಿನ ಎರಡೂ ಬದಿಗೆ ಕೊಟ್ಟನು. ಮುಂಗಾಲಿಗಳಿಗೆ ಕಲ್ಲನ್ನು ಒತ್ತುಗೊಟ್ಟನು. ಇಷ್ಟೆಲ್ಲ ಏಕೆಂದು ನಮಗೆ ಒಳಗೊಳಗೇ ಬೇಸರವಾಯಿತು.

ಪೆಟ್ಟಿಗೆಯ ಎಣ್ಣೆಯನ್ನು ಬಸಿದೆವು. ಎಂಜಿನಿನ ಕಡೆಯಿಂದ ಬರುವ ಉದ್ದನೆಯ ದಂಡವನ್ನು ಕಳಚುವ ಮೊದಲು, ಮರಳಿ ಅದೇ ಜಾಗದಲ್ಲಿ ಕೂಡಿಸಲು ಎರಡೂ ಬಿಲ್ಲೆಗಳ ಮೇಲೆ ಬಣ್ಣದ ಗೆರೆ ಎಳೆದೆವು. ಗಾಲಿಗಳ ಕಡೆಯ ದಂಡಗಳನ್ನು ಬಿಡಿಸಿದೆವು. ಪೆಟ್ಟಿಗೆಯ ಬೆನ್ನ ಮೇಲೆ ಅಡ್ಡಲಾಗಿ ಕುಳಿತಿರುವ ಸ್ಪ್ರಿಂಗಿನ ನಟ್ಟುಗಳನ್ನು ಅವನು ಕಾರಿನೊಳಗಿನಿಂದ ಸಡಿಲಿಸಿದನು. ಪೆಟ್ಟಿಗೆಯ ಕೆಳಗೆ ಜಾಕು ಕೊಟ್ಟು ಮುಂದಿನ ಬೋಲ್ಟುಗಳನ್ನು ತೆಗೆದಾಗ, ರಬ್ಬರು ಕಪ್ಪು ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಮಾತೆಲ್ಲವೂ “ಹನ್ನೊಂದರದು ಕೊಡು”, “ಹಿಡಿ”, “ಬಿಡು” ಎಂಬಲ್ಲಿಗೆ ಮುಗಿಯುತ್ತಿತ್ತು.

ಹಿಂದಿನ ಉದ್ದನೆಯ ಬೋಲ್ಟು ಮಾತ್ರ ಅಲುಗಲಿಲ್ಲ. ಐವತ್ತು ವರ್ಷಗಳ ತುಕ್ಕು ಅದನ್ನು ಬುಷ್ಷಿನ ಒಳಗಿನ ಕೊಳವೆಗೆ ಬೆಸೆದಿತ್ತು. ಸೀಮೆಎಣ್ಣೆ ಹೊಯ್ದು ಒಂದು ರಾತ್ರಿ ಬಿಟ್ಟೆವು. ತಮ್ಮ ಊರಿಗೆ ಮರಳದೆ ಅವ್ವನ ಕೋಣೆಯಲ್ಲಿ ಮಲಗಿದನು. ಮರುದಿನ ನಾವು ಕೆಳಗೆ ಮಲಗಿ ಬೋಲ್ಟಿಗೆ ಸುತ್ತಿಗೆಯ ಪೆಟ್ಟು ಕೊಡುತ್ತಿದ್ದೆವು. ನಾಲ್ಕನೆಯ ಪೆಟ್ಟಿಗೋ ಐದನೆಯದಕ್ಕೋ ಗಾಡಿ ಕದಲಿ ಜಾಕು ಜಾರಿತು. ಪೆಟ್ಟಿಗೆ ಒಂದು ಕಡೆಗೆ ವಾಲಿತು. ಕಾರು ಗಡಗಡನೆ ಕುಸಿದು ಬೇವಿನ ದಿಮ್ಮಿಗಳ ಮೇಲೆ ಕುಳಿತಿತು. ಎದೆಗೂ ಚೌಕಟ್ಟಿಗೂ ನಡುವೆ ಒಂದು ಗೇಣು ಉಳಿದಿತ್ತು.

“ಅಣ್ಣಾ!”

ಅವನು ನಮ್ಮ ಎರಡೂ ಕಾಲುಗಳನ್ನು ಹಿಡಿದು ಹೊರಗೆಳೆದನು. ಅಂಗಿ ಹರಿಯಿತು, ಬೆನ್ನು ತರಚಿತು. ಅವನ ಕೈ ನಡುಗುತ್ತಿತ್ತು. ಬಹಳ ಹೊತ್ತು ಇಬ್ಬರೂ ಗೋದಲಿಗೆ ಒರಗಿ ನೆಲದ ಮೇಲೆ ಕುಳಿತೆವು. ದಿಮ್ಮಿಗಳಿಲ್ಲದಿದ್ದರೆ ಈ ಬರಹವನ್ನು ಬರೆಯಲು ನಾವು ಇರುತ್ತಿರಲಿಲ್ಲ. ನಾವು ಬಾಯಿಬಿಟ್ಟು ಅಂದುದು ಇಷ್ಟೇ: “ಬಾವಿಯ ಹೊಲದ ಮಾತಿನಲ್ಲಿ ನಾವು ನಿನ್ನನ್ನು ಕೇಳದೆ ರುಜು ಹಾಕಿದ್ದು ತಪ್ಪು.” ಅವನು ತಲೆ ತಗ್ಗಿಸಿ ಕೈಯ ಎಣ್ಣೆಯನ್ನು ಒರಸಿಕೊಂಡನು. “ಮದಲ ಬೋಲ್ಟು ತಗಿಯೂಣು” ಎಂದನು. ಮಧ್ಯಾಹ್ನದ ಹೊತ್ತಿಗೆ ಬೋಲ್ಟು ಬಂದಿತು.

ನಾವಾಗಿದ್ದರೆ ಹಳೆಯ ರಬ್ಬರನ್ನು ತೆಗೆದು ಹೊಸದನ್ನು ಹಾಕಿ ಕೈ ತೊಳೆಯುತ್ತಿದ್ದೆವು. ತಮ್ಮ ಬಿಡಲಿಲ್ಲ. “ರಬ್ಬರ್ ತಾನಾಗಿ ಹಿಂಗ ಕರಗೂದಿಲ್ಲ. ಮ್ಯಾಲಿಂದ ಎಣ್ಣಿ ಬಿದ್ದದ” ಎಂದನು. ನಿಜವೇ. ಪೆಟ್ಟಿಗೆಯ ಮೂತಿಯ ಸೀಲು ಹರಿದು, ಎಣ್ಣೆ ವರ್ಷಗಟ್ಟಲೆ ಹನಿಹನಿಯಾಗಿ ಜಿನುಗಿತ್ತು. ಸಹಜ ರಬ್ಬರಿಗೆ ಇಂತಹ ಎಣ್ಣೆ ತಾಕಿದರೆ ಅದು ಉಬ್ಬಿ ಮೆತ್ತಗಾಗಿ ಸತ್ತ್ವಗೆಡುತ್ತದೆ. ಸೋರುವುದನ್ನು ನಿಲ್ಲಿಸದೆ ಹೊಸ ಬುಷ್ ಹಾಕಿದರೆ ಅದಕ್ಕೂ ಅದೇ ಗತಿ. ಮೊದಲು ಸೀಲನ್ನು ಬದಲಿಸಿದೆವು. ಬಳಿಕ ಉದ್ದನೆಯ ಬೋಲ್ಟು, ದಪ್ಪ ವಾಷರುಗಳು, ಕೊಳವೆಯ ತುಂಡು ಇವುಗಳಿಂದಲೇ ಒತ್ತುಯಂತ್ರವೊಂದನ್ನು ಮಾಡಿ, ಸಾಬೂನಿನ ನೀರು ಸವರಿ ಹೊಸ ಬುಷ್ಷನ್ನು ಮೆಲ್ಲಮೆಲ್ಲನೆ ಒಳಗೆ ಕೂಡಿಸಿದೆವು. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲಾಗಿ ತೊಡಿಸಿ, ಪೆಟ್ಟಿಗೆ ತನ್ನ ಜಾಗದಲ್ಲಿ ತಾನೇ ನೆಲೆಸಿದ ಮೇಲೆ ಒಂದೊಂದಾಗಿ ಬಿಗಿದೆವು. ಒಂದನ್ನೇ ಮೊದಲು ಬಿಗಿದರೆ ಉಳಿದವು ತಿರುಚಿಕೊಂಡು ಬೇಗ ಹರಿಯುತ್ತವೆ ಎಂಬುದು ಅವನ ಅನುಭವ. ಕಡೆಗೆ ಹೊಸ ಎಣ್ಣೆ ತುಂಬಿ, ಗಾಲಿಗಳನ್ನು ನೆಲಕ್ಕಿಳಿಸಿ, ಪ್ರತಿ ನಟ್ಟನ್ನೂ ಮತ್ತೊಮ್ಮೆ ನೋಡಿದೆವು. ಮೂರು ದಿನದ ಕೆಲಸ. ಗ್ಯಾರೇಜಿನವರ ಟೈರಿನ ತುಂಡುಗಳನ್ನು ಅವನು ಬಚ್ಚಲೊಲೆಯ ಬೂದಿಗೆ ಎಸೆದನು.

ಕ್ಲಚ್ಚು ಬಿಟ್ಟೆವು. ಸದ್ದಿಲ್ಲ. ಕೊಟ್ಟಿಗೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ ಗಾಡಿ ಹಸುವಿನಂತೆ ಹೊರಟಿತು.

ಮುಂದಿನ ಸೋಮವಾರ ಅವ್ವನನ್ನು ಹಿಂದಿನ ಆಸನದಲ್ಲಿ ಕೂಡಿಸಿ ಭಾಲ್ಕಿಯ ಕಡೆಗೆ ಹೊರಟೆವು. ತಮ್ಮ ನಡೆಸಿದನು, ನಾವು ಪಕ್ಕದಲ್ಲಿ ಕುಳಿತೆವು. ಅಂಗಡಿಗಳ ಫಲಕಗಳಲ್ಲಿ ಮರಾಠಿ ಹೋಗಿ ಕನ್ನಡ ಬಂದುದನ್ನು ಬಿಟ್ಟರೆ ಗಡಿ ಯಾವುದೆಂದು ತಿಳಿಯಲಿಲ್ಲ. ಎರಡೂ ಕಡೆ ಅದೇ ಕರಿಯ ಎರೆಮಣ್ಣು, ಅದೇ ತೊಗರಿ. ಅವ್ವ ಮಾತಾಡಲಿಲ್ಲ. ತವರಿನ ಬಾಗಿಲಲ್ಲಿ ಇಳಿದಾಗ ಅವಳನ್ನು ಗುರುತಿಸುವ ವಯಸ್ಸಿನವರು ಇಬ್ಬರೇ ಉಳಿದಿದ್ದರು. ಅವರ ನಡುವೆ ಕುಳಿತು, ಹೋದವರ ಹೆಸರುಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಮರಳುವಾಗ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ. ಎಂಬತ್ತು ದಾಟಿದವಳಿಗೂ ತವರಿನವರು ಉಡಿ ತುಂಬಿದ್ದರು.

ದಾರಿಯಲ್ಲಿ ನಮಗೊಂದು ವಿಚಾರ ಹೊಳೆಯಿತು. ಇಷ್ಟು ವರ್ಷ ನಮ್ಮಿಬ್ಬರ ಬಡಿದಾಟದ ನಡುವೆ ಕುಳಿತು, ಎರಡೂ ಕಡೆಯ ಪೆಟ್ಟನ್ನು ಸದ್ದಿಲ್ಲದೆ ನುಂಗಿದವಳು ಹಿಂದಿನ ಆಸನದಲ್ಲಿದ್ದಳು. ಅವಳೂ ಸವೆದಿದ್ದಳು. ರಬ್ಬರಾದರೆ ಇಂಗ್ಲೆಂಡಿನಿಂದ ತರಿಸಬಹುದು.

ಪುಣೆಯ ಗೃಹಸ್ಥರು ಕಳೆದ ವಾರ ಮತ್ತೆ ವಿಚಾರಿಸಿದರು. ಫೋನು ಎತ್ತಿದವನು ತಮ್ಮ. ಈಗ ಅವನು ರವಿವಾರಕ್ಕೊಮ್ಮೆ ಬರುತ್ತಾನೆ, ಪಡಸಾಲೆಯಲ್ಲಿಯೇ ಕೂಡುತ್ತಾನೆ. “ರಬ್ಬರು ಹೊಸದು ನೋಡ್ರಿ, ಇನ್ನೂ ಕೂಡಬೇಕು. ಸ್ವಲ್ಪ ದಿನ ಓಡಿಸಿ ಹೇಳ್ತೀವಿ” ಎಂದು ಫೋನನ್ನು ಕೆಳಗಿಟ್ಟನು. ನಾವು ಏನೂ ಅನ್ನಲಿಲ್ಲ. ಬಾವಿಯ ಹೊಲದ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು ಅವನ ಮುಂದಿಟ್ಟೆವು.