ಎಲೆಯಲ್ಲಿ ಕಟ್ಟಿದ ಉಪ್ಪಿಟ್ಟು

ಮೊನ್ನೆ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಪಟ್ಟಿ ಮಾಡುತ್ತ ಕೂತಿದ್ದಳು. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವಿನ ಪಟ್ಟಿ. 'ಅಜ್ಜಾ, ಅಮೆರಿಕವೇ ಎಲ್ಲರಿಗಿಂತ ದೊಡ್ಡ ದಾನಿ' ಎಂದು ತೀರ್ಪು ಕೊಟ್ಟಳು. ನಿಜ. 2023ರಲ್ಲಿ ಅದು ಕೊಟ್ಟದ್ದು ಸುಮಾರು 6,500 ಕೋಟಿ ಡಾಲರ್. ನಾರ್ವೆ ಕೊಟ್ಟದ್ದು ಅದರ ಹತ್ತರಲ್ಲೊಂದು ಪಾಲೂ ಇಲ್ಲ.

'ಕೊಟ್ಟದ್ದೆಷ್ಟು ಅಂತ ನೋಡಿದೆ. ಗಳಿಕೆಯಲ್ಲಿ ಎಷ್ಟು ಪಾಲು ಕೊಟ್ಟರು ಅಂತಲೂ ನೋಡು' ಎಂದೆ. ಲೆಕ್ಕ ಹಾಕಿದಳು. ರಾಷ್ಟ್ರೀಯ ಆದಾಯದ ಪ್ರತಿ ನೂರು ರೂಪಾಯಿಯಲ್ಲಿ ನಾರ್ವೆ ಕೊಟ್ಟದ್ದು ಒಂದು ರೂಪಾಯಿಗಿಂತ ತುಸು ಹೆಚ್ಚು; ಅಮೆರಿಕ ನಾಲ್ಕಾಣೆಯಷ್ಟು. ನೂರಕ್ಕೆ ಎಪ್ಪತ್ತು ಪೈಸೆಯಾದರೂ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ ಇಟ್ಟದ್ದು 1970ರಲ್ಲಿ. 2023ರಲ್ಲಿ ಅದನ್ನು ಮುಟ್ಟಿದ ಸಿರಿವಂತ ದೇಶಗಳು ಐದೇ: ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಜರ್ಮನಿ, ಡೆನ್ಮಾರ್ಕ್. ಪಟ್ಟಿ ತಲೆಕೆಳಗಾಯಿತು. ಮಗುವಿಗೆ ಖುಷಿಯಾಯಿತು.

ನನ್ನ ಮನಸ್ಸು ಮಾತ್ರ 1966ಕ್ಕೆ ಹೋಗಿತ್ತು. ಬರಗಾಲದ ದಿನಗಳು. ನಾನಾಗ ಮೂರನೇ ಇಯತ್ತೆ. ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನ 'ಕೇರ್' ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಮೂಟೆಗಳ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಉಪ್ಪಿಟ್ಟಿನಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಮನೆಯಲ್ಲಿದ್ದ ಪುಟ್ಟ ತಂಗಿಗೆ ಒಯ್ಯುತ್ತಿದ್ದೆ. ಎಷ್ಟೋ ದಿನ ಅವಳಿಗೆ ಅದೇ ಊಟ.

ಕಾಲೇಜಿಗೆ ಬಂದ ಮೇಲೆ ಓದಿ ತಿಳಿದದ್ದು ಬೇರೆ. ಅದೇ ದಿನಗಳಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಭಾರತಕ್ಕೆ ಗೋಧಿಯನ್ನು ಒಟ್ಟಿಗೆ ಬಿಡದೆ ಕಂತು ಕಂತಾಗಿ ಅಳೆದು ಬಿಡುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಲಿ ಎಂಬುದು ಒಂದು ಕಾರಣ. ವಿಯೆಟ್ನಾಂ ಯುದ್ಧವನ್ನು ನಾವು ಟೀಕಿಸಿದ್ದರ ಸಿಟ್ಟು ಇನ್ನೊಂದು. ಓದಿದ ದಿನ ಆ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಅಮ್ಮನಿಗೆ ಹೇಳಿದೆ. 'ಕೊಟ್ಟವರ ಮನಸ್ಸಿನಲ್ಲಿ ಏನಿತ್ತೋ. ಮಗು ಉಳಿಯಿತಲ್ಲ' ಎಂದಳು, ಅಷ್ಟೇ.

ಇದನ್ನೆಲ್ಲ ಕೇಳಿದ ಮೊಮ್ಮಗಳು ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದು 'ಷರತ್ತು' ಎಂದು ಬರೆದಳು. 'ಇದಕ್ಕೆ ಅಂಕ ಹೇಗೆ ಕೊಡೋದು ಅಜ್ಜಾ?' ಎಂದಳು. ನನಗೆ ಹೊಳೆಯಲಿಲ್ಲ. ನಮ್ಮೂರ ಶಾಲೆಯಲ್ಲಿ ಇಂದು ಅಕ್ಷರ ದಾಸೋಹದ ಬಿಸಿಯೂಟವಿದೆ. ನಮ್ಮ ನೆಲದ ಅಕ್ಕಿ, ನಮ್ಮದೇ ತೆರಿಗೆಯ ಹಣ. ಯಾರ ಹಡಗಿಗೂ ಕಾಯಬೇಕಿಲ್ಲ. ಆದರೆ ಕಾಯುವ ಮಕ್ಕಳು ಲೋಕದಲ್ಲಿ ಇನ್ನೂ ಇದ್ದಾರೆ. ಆ ಎರಡು ಕೈಗಳ ಮುದ್ರೆಯ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ರಂದು ಬಾಗಿಲು ಹಾಕಿತೆಂದು ಓದಿದಾಗ, ಸಂತೋಷವಂತೂ ಆಗಲಿಲ್ಲ. ಎಲ್ಲೋ ಒಬ್ಬ ಹುಡುಗ ಬರಿಗೈಯಲ್ಲಿ ಮನೆಗೆ ಹೋಗುತ್ತಿರಬಹುದು, ಅಲ್ಲಿ ತಂಗಿ ಕಾದಿರಬಹುದು ಎನ್ನಿಸಿತು.

ನನ್ನ ತಂಗಿ ಈಗ ಎರಡು ಮೊಮ್ಮಕ್ಕಳ ಅಜ್ಜಿ. ಆ ಕಾಲಂ ಇನ್ನೂ ಖಾಲಿಯಿದೆ.