ತಣ್ಣನೆಯ ಕಡಲು, ಬಿಸಿಯಾದ ಎಂಜಿನ್

ಸ್ಟಾಕ್‌ಹೋಮ್‌ನಿಂದ ಲೋಕಲ್ ಟ್ರೇನ್ ಹತ್ತಿ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ಕೊನೆಯ ಸ್ಟೇಷನ್ ನ್ಯೂನೆಸ್‌ಹಾಮ್ನ್. ಟ್ರೇನ್ ಇಳಿದರೆ ಬಂದರು. ಒಂದು ಕಡೆ ಗಾಟ್ಲೆಂಡ್ ದ್ವೀಪಕ್ಕೆ ಹೋಗುವ ದೊಡ್ಡ ಹಡಗು, ಇನ್ನೊಂದು ಕಡೆ ಹಾಯಿದೋಣಿಗಳ ಸಾಲು. ಸ್ಟಾಕ್‌ಹೋಮ್‌ನ ಮುಂದೆ ಹರಡಿರುವ ಈ ದ್ವೀಪಸಮೂಹದಲ್ಲಿ ಸಣ್ಣಪುಟ್ಟ ಬಂಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 30,000 ದ್ವೀಪಗಳು. ಬೇಸಿಗೆಯಲ್ಲಿ ಸ್ವೀಡನ್ನಿನವರನ್ನು ಆಫೀಸಿನಲ್ಲಿ ಹುಡುಕಬೇಡಿ, ಇಲ್ಲೇ ಇರುತ್ತಾರೆ.

ಜೂನ್ ತಿಂಗಳ ಒಂದು ಶನಿವಾರ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ದೋಣಿಯಲ್ಲಿ ನನ್ನನ್ನೂ ನನ್ನ ಹೆಂಡತಿಯನ್ನೂ ಊಟೊ ಎಂಬ ದ್ವೀಪಕ್ಕೆ ಕರೆದುಕೊಂಡು ಹೊರಟರು. ಹೆಸರು ಕೇಳಿದ್ದೇ ತಡ, ಇವಳು ಡಬ್ಬಿ ತುಂಬ ಚಿತ್ರಾನ್ನ ಕಟ್ಟಿಕೊಂಡಳು.

ಹಾಯಿದೋಣಿ ಅಂದರೆ ಬರೀ ಗಾಳಿಯಲ್ಲಿ ಹೋಗುತ್ತದೆ ಅಂದುಕೊಳ್ಳುತ್ತೇವೆ. ಬಂದರಿನಿಂದ ಹೊರಬರಲು, ಗಾಳಿ ಬಿದ್ದುಹೋದಾಗ ಮುಂದೆ ಸಾಗಲು ಎಂಜಿನ್ ಬೇಕೇ ಬೇಕು. ಈ ದೋಣಿಯಲ್ಲಿ ಒಳಗಿಳಿಯುವ ಮೆಟ್ಟಿಲ ಹಿಂದೆ ಎರಡು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ ಇತ್ತು. ನಮ್ಮ ಕಡೆ ತೋಟಕ್ಕೆ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್ಟಿನ ತಮ್ಮನ ಹಾಗೆ. ಸ್ಟಾರ್ಟ್ ಮಾಡಿದ ತಕ್ಷಣ ಅವರು ದೋಣಿಯ ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿದರು. ಹೊಗೆಕೊಳವೆಯಿಂದ ಬುಳಕ್ ಬುಳಕ್ ಅಂತ ನೀರು ಉಗುಳುತ್ತಿತ್ತು. ಇಲ್ಲಿ ಎಲ್ಲರೂ ಹೀಗೇ ಬಗ್ಗಿ ನೋಡುತ್ತಾರೆ.

ಕಾರಿಗೆ ರೇಡಿಯೇಟರ್ ಇದ್ದ ಹಾಗೆ ದೋಣಿಗೆ ಕಡಲೇ ರೇಡಿಯೇಟರ್. ತಳದಲ್ಲಿರುವ ಒಂದು ವಾಲ್ವ್ ಮೂಲಕ ನೀರು ಒಳಗೆ ಬರುತ್ತದೆ. ಜಾಲರಿಯಲ್ಲಿ ಕಸ, ಪಾಚಿ ಸೋಸಿಕೊಂಡು, ರಬ್ಬರ್ ರೆಕ್ಕೆಗಳ ಪುಟ್ಟ ಪಂಪು ಅದನ್ನು ಎಂಜಿನ್ನಿಗೆ ತಳ್ಳುತ್ತದೆ. ಸಿಲಿಂಡರುಗಳ ಸುತ್ತ ಓಡಾಡಿ ಬಿಸಿ ಹೀರಿಕೊಂಡ ನೀರು ಕೊನೆಗೆ ಹೊಗೆಯ ಜೊತೆ ಸೇರಿ ಹೊರಬೀಳುತ್ತದೆ. ಹೊಗೆಯೂ ತಣ್ಣಗಾಗುವುದರಿಂದ ಅದನ್ನು ರಬ್ಬರ್ ಪೈಪಿನಲ್ಲೇ ಹೊರಗೆ ಬಿಡಬಹುದು. ಹೊಸ ಎಂಜಿನ್ನುಗಳಲ್ಲಿ ಒಳಗೆ ಬೇರೆ ಸಿಹಿನೀರು ಸುತ್ತುತ್ತದೆ, ಕಡಲ ನೀರು ಅದನ್ನು ಹೊರಗಿನಿಂದ ತಣಿಸುತ್ತದೆ ಅಷ್ಟೇ. ಇದು ಹಳೆಯದು, ಕಡಲ ನೀರು ನೇರ ಹೊಟ್ಟೆಗೇ.

ಸುತ್ತ 12 ಡಿಗ್ರಿಯ ತಣ್ಣೀರು. ಮತ್ತೆ ಥರ್ಮೋಸ್ಟಾಟ್ ಯಾಕೆ ಅಂತ ಕೇಳಿದೆ. ಎಂಜಿನ್ ತೀರಾ ತಣ್ಣಗಿದ್ದರೂ ಕೆಡುತ್ತದಂತೆ. ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಮಸಿ ಕೂರುತ್ತದೆ, ಉರಿಯದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಹಾಗಂತ ತೀರಾ ಬಿಸಿಯೂ ಆಗಬಾರದು. ಕಡಲ ನೀರು ಬಿಸಿಯಾದಷ್ಟೂ ಸುಣ್ಣದ ಅಂಶ ಒಳಗಿನ ಗೋಡೆಗೆ ಅಂಟುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಪದರ ಗೊತ್ತು. ಅದಕ್ಕೇ ನೇರ ಕಡಲ ನೀರು ಕುಡಿಯುವ ಎಂಜಿನ್ನುಗಳ ಥರ್ಮೋಸ್ಟಾಟ್ ಬೇಗ ತೆರೆಯುತ್ತದೆ. ಯನ್ಮಾರ್‌ನ 1ಜಿಎಂ10 ಎಂಬ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಅದು 42 ಡಿಗ್ರಿಗೆ ತೆರೆಯಲು ಶುರುಮಾಡಿ 52ಕ್ಕೆ ಪೂರ್ತಿ ತೆರೆಯುತ್ತದೆ. ಒಳಗೆ ಸಿಹಿನೀರು ಸುತ್ತುವ ಎಂಜಿನ್ನುಗಳಲ್ಲಿ 70ರ ಮೇಲೆ.

ಥರ್ಮೋಸ್ಟಾಟ್ ಒಳಗಿರುವುದು ಒಂದು ಪುಟ್ಟ ಬಟ್ಟಲು ಮೇಣ. ಬಿಸಿಗೆ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗು ಮುಚ್ಚುತ್ತದೆ. ವೈರಿಲ್ಲ, ಕರೆಂಟಿಲ್ಲ, ಪ್ರೋಗ್ರಾಮ್ ಇಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮಧ್ಯಾಹ್ನ ಮೈಸಿಂಗೆನ್ ಎಂಬ ಅಗಲವಾದ ನೀರಿನ ಹರವು ದಾಟುವಾಗ ಗಾಳಿ ಬಿದ್ದುಹೋಯಿತು. ಎಂಜಿನ್ ಹಾಕಿ ಅರ್ಧ ಗಂಟೆಯಾಗಿತ್ತು, ಕೀಂಯ್ ಅಂತ ಅಲಾರಾಂ. ಎಂಜಿನ್ ವಿಪರೀತ ಬಿಸಿ. ಅವರು ತಕ್ಷಣ ಆಫ್ ಮಾಡಿದರು.

‘ಹಿಂದೆ ನೀರು ಚೆನ್ನಾಗಿ ಬರ್ತಾನೇ ಇತ್ತಲ್ಲ?’ ಅಂದಳು ಇವಳು.

ಬರುತ್ತಿತ್ತು, ನಿಜ. ಥರ್ಮೋಸ್ಟಾಟ್ ಮುಚ್ಚಿರುವಾಗ ಪಂಪಿನ ನೀರು ಅಡ್ಡದಾರಿ ಹಿಡಿದು, ಸಿಲಿಂಡರುಗಳನ್ನು ಮುಟ್ಟದೆ, ನೇರ ಹೊಗೆಕೊಳವೆಗೆ ಹೋಗಿಬಿಡುತ್ತದೆ. ಹಿಂದಿನಿಂದ ನೋಡಿದವರಿಗೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಒಳಗೆ ಎಂಜಿನ್ ಬೇಯುತ್ತಿರುತ್ತದೆ. ಬಗ್ಗಿ ನೋಡುವ ಅಭ್ಯಾಸ ಒಳ್ಳೆಯದೇ, ಆದರೆ ಅದರಿಂದ ಗೊತ್ತಾಗುವುದು ಪಂಪ್ ನಡೆಯುತ್ತಿದೆ ಅನ್ನುವುದಷ್ಟೇ.

ಅಲ್ಲಿ ನೀರು ತುಂಬ ಆಳ, ಲಂಗರು ಹಾಕುವ ಹಾಗಿರಲಿಲ್ಲ. ಹಾಯಿ ಜೋತುಬಿದ್ದಿತ್ತು. ಒಂದೂವರೆ ಕಿಲೋಮೀಟರ್ ಆಚೆ ನೀರಿನ ಮಟ್ಟಕ್ಕೇ ಬೆನ್ನು ತೋರಿಸುವ ಬಂಡೆಗಳು, ದೋಣಿ ನಿಧಾನವಾಗಿ ಆ ಕಡೆಗೇ ತೇಲುತ್ತಿತ್ತು. ಇವಳು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಎರಡು ಸಲ ಬಿಗಿ ಮಾಡಿಕೊಂಡಳು. ನಾನು ಬಂಡೆಗಳಿಂದ ಕಣ್ಣು ಕೀಳಲಿಲ್ಲ.

ಸಹೋದ್ಯೋಗಿಗೆ ಯಾವ ಗಡಿಬಿಡಿಯೂ ಇಲ್ಲ. ಎಂಜಿನ್ ಆರಲು ಇಪ್ಪತ್ತು ನಿಮಿಷ ಬಿಟ್ಟರು. ಮೊದಲು ತಳದ ವಾಲ್ವ್ ಮುಚ್ಚಿದರು. ಇಲ್ಲದಿದ್ದರೆ ಪೈಪು ಬಿಚ್ಚಿದ ಕಡೆಯಿಂದ ಕಡಲೇ ಒಳಗೆ ಬರುತ್ತದೆ. ಬೋಲ್ಟ್ ಬಿಚ್ಚಿ, ಉಪ್ಪು ಹಿಡಿದ ಥರ್ಮೋಸ್ಟಾಟ್ ತೆಗೆದು, ದಾರ ಕಟ್ಟಿ ಕಾಫಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಸ್ಟೌ ಹಚ್ಚಿದರು. ನೀರು ಕೊತಕೊತ ಕುದಿಯಿತು. ಬಾಗಿಲು ಕೂದಲೆಳೆಯಷ್ಟೂ ತೆರೆಯಲಿಲ್ಲ.

ಬದಲಿ ಇರಲಿಲ್ಲ, ಗ್ಯಾಸ್ಕೆಟ್ ಇತ್ತು. ಥರ್ಮೋಸ್ಟಾಟ್ ಇಲ್ಲದೆಯೇ ಮುಚ್ಚಿ, ವಾಲ್ವ್ ತೆರೆದು ಸ್ಟಾರ್ಟ್ ಮಾಡಿದರು. ಈಗ ಎಂಜಿನ್ ಬೇಕಾದ್ದಕ್ಕಿಂತ ತಣ್ಣಗೆ ಓಡುತ್ತದೆ. ದಿನಾ ಹಾಗೆ ಓಡಿಸಬಾರದು, ಒಂದು ಸಂಜೆಗೆ ಅಡ್ಡಿಯಿಲ್ಲ. ನಿಧಾನಕ್ಕೆ ಹೋಗಿ ಗಣಿ ಜೆಟ್ಟಿಗೆ ಹಗ್ಗ ಕಟ್ಟಿದಾಗ ರಾತ್ರಿ ಒಂಬತ್ತೂವರೆ. ಜೂನ್ ಆದ್ದರಿಂದ ಇನ್ನೂ ಬೆಳಕಿತ್ತು. ತಣ್ಣಗಿನ ಚಿತ್ರಾನ್ನ ಅಷ್ಟು ರುಚಿಯಾಗಿ ಎಂದೂ ತಿಂದಿಲ್ಲ.

ಊಟೊದಲ್ಲಿ ಕಬ್ಬಿಣದ ಹಳೆಯ ಗಣಿಗಳಿವೆ. 1879ರಲ್ಲಿ ಮುಚ್ಚಿದವು, ಈಗ ಆಳವಾದ ಗುಂಡಿಗಳಲ್ಲಿ ಕಪ್ಪು ನೀರು ನಿಂತಿದೆ. ಇಲ್ಲಿ ಸಿಕ್ಕ ಪೆಟಲೈಟ್ ಎಂಬ ಖನಿಜದಲ್ಲೇ 1817ರಲ್ಲಿ ಆರ್ಫ್‌ವೆಡ್‌ಸನ್ ಲಿಥಿಯಂ ಕಂಡುಹಿಡಿದದ್ದು. ನಮ್ಮ ಮೊಬೈಲಿನ ಬ್ಯಾಟರಿಯ ಲಿಥಿಯಂ! ದೋಣಿಗಳಿಗೂ ಈಗೀಗ ಬ್ಯಾಟರಿಯ ಮೋಟಾರು ಬರುತ್ತಿದೆ, ಅದಕ್ಕೂ ಇದೇ ಬೇಕು.

ಅಕ್ಟೋಬರಿನಲ್ಲಿ ದೋಣಿಯನ್ನು ದಡಕ್ಕೆ ಎತ್ತುವಾಗ ಸಹಾಯಕ್ಕೆ ಹೋಗಿದ್ದೆ. ಬಾಲ್ಟಿಕ್ ನೀರಿನಲ್ಲಿ ಇಲ್ಲಿ ಲೀಟರಿಗೆ 6-7 ಗ್ರಾಂ ಉಪ್ಪು, ಮಹಾಸಾಗರದಲ್ಲಾದರೆ ಸುಮಾರು 35. ಆದ್ದರಿಂದ ಈ ಕಡಲು ಎಂಜಿನ್ನಿಗೆ ಅಷ್ಟು ಕ್ರೂರಿಯಲ್ಲ. ಆದರೆ ಚಳಿ ಕ್ರೂರಿ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಎಂಜಿನ್ನಿನ ಎರಕದ ಕಬ್ಬಿಣ ಸೀಳುತ್ತದೆ, ಅದಕ್ಕಾಗಿ ಗ್ಲೈಕಾಲ್ ಹೀರಿಸುತ್ತಾರೆ. ಥರ್ಮೋಸ್ಟಾಟ್ ಮುಚ್ಚಿದ್ದರೆ ಅದೂ ಅಡ್ಡದಾರಿಯಲ್ಲೇ ಹೋಗಿ ಹೊರಬೀಳುತ್ತದೆ. ಅದಕ್ಕೇ ಅವರು ಹೊಸ ಥರ್ಮೋಸ್ಟಾಟನ್ನು ಮೊದಲೇ ಬಿಚ್ಚಿ ಚೀಟಿ ಕಟ್ಟಿ ಡ್ರಾಯರಿನಲ್ಲಿಟ್ಟು, ಆಮೇಲೆ ಗ್ಲೈಕಾಲ್ ಡಬ್ಬದ ಮುಚ್ಚಳ ತೆಗೆದರು. ಹಿಂಭಾಗದಲ್ಲಿ ಬಕೆಟ್ ಹಿಡಿದು ನಿಲ್ಲುವ ಕೆಲಸ ನನ್ನದು. ಬಣ್ಣದ ನೀರು ಬರುವವರೆಗೂ ಹಿಡಿದುಕೊಂಡೇ ಇದ್ದೆ.